ನನ್ನನ್ನು ಸಂತೆಗೆ ಹೊಡೆದುಕೊಂಡು ಹೋದ ಬೇಸಿಗೆ

ಕಿವಿ ಕೇಳದ ಮಕ್ಕಳನ್ನು ಕರೆದುಕೊಂಡು ಈಗಲೂ ತಿಂಗಳಿಗೊಬ್ಬರಾದರೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬೈಲಹೊಂಗಲದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಅಲ್ಲೊಬ್ಬ ಕಿವುಡಿ ಇದ್ದಾಳೆ, ಓದಿದ್ದಾಳೆ, ಮದುವೆಯಾಗಿದ್ದಾಳೆ, ಗಿರಾಕಿಗಳ ಜೊತೆ ಜಗಳವನ್ನೂ ಆಡುತ್ತಾಳೆ ಎಂಬ ಸುದ್ದಿ ಹೇಗೋ ಹಬ್ಬಿದೆ. ಬಂದವರು ಮೊಬೈಲಿನಲ್ಲಿ ಟೈಪು ಮಾಡಿ ತೋರಿಸುವ ಪ್ರಶ್ನೆ ಒಂದೇ. ಇವನನ್ನು, ಅಥವಾ ಇವಳನ್ನು, ಯಾವ ಶಾಲೆಗೆ ಹಾಕಬೇಕು? ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಇಲ್ಲಿಗೆ ಯಾಕೆ ಬಂದಿದ್ದೀರಿ ಎಂದು ಮಗುವಿಗೆ ಹೇಳಿದ್ದೀರಾ? ಆಗ ಅವರು ಇವಳ ಕಿವಿಯ ಜೊತೆಗೆ ತಲೆಯೂ ಹೋಗಿದೆಯೇನೋ ಎಂಬಂತೆ ನೋಡುತ್ತಾರೆ. ಕೇಳಿಸದ ಕೂಸಿಗೆ ಹೇಳುವುದು ಹೇಗೆ? ನನಗೆ ಸಿಟ್ಟು ಬರುತ್ತದೆ. ಕಟಕೋಳದ ನಮ್ಮ ಮನೆ ನೆನಪಾಗುತ್ತದೆ, ಮುತ್ಯಾನ ಹೆಗಲ ಮೇಲಿನ ವಲ್ಲಿ ನೆನಪಾಗುತ್ತದೆ, ಸಿಟ್ಟು ಅರ್ಧ ಇಳಿಯುತ್ತದೆ. ಉಳಿದರ್ಧವನ್ನು ಚಹಾದ ಜೊತೆ ನುಂಗುತ್ತೇನೆ.

ಆ ಮನೆಯಲ್ಲಿ ಮಾತಿಗೆ ಬರವಿರಲಿಲ್ಲ. ತಲಬಾಗಿಲು ದಾಟಿದರೆ ಎಡಕ್ಕೆ ಎತ್ತು ಕಟ್ಟುವ ಜಾಗ, ಬಲಕ್ಕೆ ಎರಡು ಮೆಟ್ಟಿಲು ಎತ್ತರದ ಪಡಸಾಲೆ. ಅಲ್ಲಿ ಕಂಬಕ್ಕೊರಗಿ ಅಪ್ಪನ ಅಪ್ಪ, ಅಂದರೆ ನಮ್ಮ ಮುತ್ಯಾ. ಒಳಗೆ ಒಲೆಯ ಮುಂದೆ ಅವನ ಹೆಂಡತಿ, ನಮ್ಮ ಆಯಿ. ನಡುವೆ ಅಪ್ಪ, ಅವ್ವ, ಮತ್ತು ಮದುವೆಯಾಗದ ಕಾಕಾ. ಅವ್ವನೊಬ್ಬಳನ್ನು ಬಿಟ್ಟರೆ ಎಲ್ಲರೂ ಒಟ್ಟಿಗೇ ಮಾತಾಡುವವರು, ಒಬ್ಬರದೊಬ್ಬರು ಕೇಳದವರು. ಹಾಗೆ ನೋಡಿದರೆ ಆ ಮನೆಯಲ್ಲಿ ಕಿವುಡರು ಬಹಳ ಜನ ಇದ್ದರು, ಪರೀಕ್ಷೆಯಾದದ್ದು ನನಗೊಬ್ಬಳಿಗೆ ಮಾತ್ರ. ನನಗಾಗ ಆರು ವರ್ಷ. ದೂರದಲ್ಲಿ ಹಿಟ್ಟಿನ ಗಿರಣಿ ಓಡಿದಂಥದೊಂದು ಗುಂಗು ಬಿಟ್ಟರೆ ಮತ್ತೇನೂ ಕೇಳುತ್ತಿರಲಿಲ್ಲ. ಆಯಿ ರೊಟ್ಟಿ ಬಡಿಯುವುದು ಮಾತ್ರ ನೆಲದಿಂದ ಕಾಲಿಗೆ ತಿಳಿಯುತ್ತಿತ್ತು, ತಿಳಿದ ಕೂಡಲೇ ಓಡಿ ಹೋಗಿ ಒಲೆಯ ಮುಂದೆ ಕೂಡುತ್ತಿದ್ದೆ. ಇದನ್ನೇ ಹಿಡಿದುಕೊಂಡು ಆಯಿ, ಹುಡುಗಿಗೆ ಎಲ್ಲ ಕೇಳುತ್ತದೆ, ಹಟ ಮಾಡುತ್ತದೆ ಅಷ್ಟೇ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಹೋಳಿಗೆ ಎಂದರೆ ತಿರುಗಿ ನೋಡುತ್ತದೆ ಎಂಬುದು ಅವಳ ಇನ್ನೊಂದು ಸಾಕ್ಷಿ. ಹೋಳಿಗೆಗೆ ವಾಸನೆ ಇರುತ್ತದೆ ಎಂದು ಅವಳಿಗೆ ಹೇಳುವವರು ಯಾರು?

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಇಲ್ಲಿ ಬರುವ ಮಾತುಕತೆಯನ್ನೆಲ್ಲ ನಾನು ಆಗ ಕೇಳಿದ್ದಲ್ಲ. ಮುಂದೆ ಎಷ್ಟೋ ವರ್ಷ ಅವ್ವ ರಜೆಯಲ್ಲಿ ನನ್ನೆದುರು ಕೂತು, ಒಬ್ಬೊಬ್ಬರ ಮುಖ ಮಾಡಿ ತೋರಿಸಿ, ತಿಳಿಸಿಕೊಟ್ಟದ್ದು. ಅವ್ವನಿಗೆ ಅತ್ತೆಯ ಮುಖ ಮಾಡುವುದು ಬಹಳ ಚೆನ್ನಾಗಿ ಬರುತ್ತಿತ್ತು. ಆಯಿಯ ಪಾಲು ಸ್ವಲ್ಪ ಹೆಚ್ಚಾಗಿದ್ದರೆ ಆ ತಪ್ಪು ನನ್ನದಲ್ಲ.

ಮುತ್ಯಾ ದನದ ಸಂತೆಯ ದಲಾಲ. ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ವ್ಯಾಪಾರ ಕುದುರಿಸುವವನು. ಮನೆಯಲ್ಲಿ ಅಷ್ಟು ಮಾತಾಡುವ ಮನುಷ್ಯ ಸಂತೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಅಲ್ಲಿ ರೇಟನ್ನು ಬಾಯಿಂದ ಆಡುವ ಪದ್ಧತಿಯೇ ಇಲ್ಲ, ಪಕ್ಕದವನಿಗೆ ಗೊತ್ತಾಗಬಾರದು. ಎದುರಿನವನ ಕೈ ಹಿಡಿದು, ಎರಡೂ ಕೈ ಮುಚ್ಚುವಂತೆ ಹೆಗಲ ಮೇಲಿನ ಬಟ್ಟೆ, ಅಂದರೆ ವಲ್ಲಿ, ಹೊದಿಸಿ, ಅದರ ಕೆಳಗೆ ಬೆರಳಿನಿಂದಲೇ ಮಾತು. ಅಂಗೈಯನ್ನು ಒಮ್ಮೆ ಕೆರೆದರೆ ‘ಎಷ್ಟು?’ ಎಂದು ಕೇಳಿದ ಹಾಗೆ. ಎಷ್ಟು ಬೆರಳು ಹಿಡಿದರೆ ಅಷ್ಟು. ಮೇಲೆ ಇಬ್ಬರೂ ಮಳೆ ಬೆಳೆ ವಿಚಾರಿಸುವವರ ಹಾಗೆ ಆಕಾಶ ನೋಡುತ್ತ ನಿಂತಿರುತ್ತಿದ್ದರು, ಕೆಳಗೆ ಕುಸ್ತಿ ನಡೆದಿರುತ್ತಿತ್ತು. ನನ್ನನ್ನು ಮುತ್ಯಾ ಹೆಗಲ ಮೇಲೆ ಕೂರಿಸಿಕೊಂಡು ಸಂತೆಗೆ ಒಯ್ಯುತ್ತಿದ್ದ. ಇಡೀ ಜಗತ್ತಿನಲ್ಲಿ ನನಗೆ ಸರಿಯಾಗಿ ತಿಳಿಯುವ ಜಾಗ ಅದೊಂದೇ ಇತ್ತು. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ತಲೆ ಸವರಿ ಸುಳಿ ನೋಡುತ್ತಾರೆ, ಕಿವಿ ಹಿಡಿಯುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾರೆ. ಆಮೇಲೆ ವಲ್ಲಿ. ವ್ಯಾಪಾರ ಕುದುರಿದರೆ ಚಹಾ. ಎತ್ತು ಹೊಸ ಮನುಷ್ಯನ ಹಿಂದೆ ಹೋಗುತ್ತದೆ, ಹೋಗುವಾಗ ಒಮ್ಮೆ ತಿರುಗಿ ನೋಡುತ್ತದೆ.

ನಮ್ಮ ಮನೆಯಲ್ಲಿ ಬಿಳಿಯ ಎಂಬ ಎತ್ತಿತ್ತು. ಅದನ್ನು ಕಂಡವರೆಲ್ಲ ಕೇಳುವವರೇ. ಯಾರಾದರೂ ವಲ್ಲಿಯ ಕೆಳಗೆ ಕೈ ತೂರಿಸಿ ಬಿಳಿಯನ ಬೆಲೆ ಕೇಳಿದರೆ ಮುತ್ಯಾ ಬೆರಳು ಕೊಡುತ್ತಿರಲಿಲ್ಲ. ಕೇಳಿದವನ ಬೆರಳುಗಳನ್ನೆಲ್ಲ ಒಟ್ಟು ಮಾಡಿ ತನ್ನ ಮುಷ್ಟಿಯೊಳಗೆ ಗಟ್ಟಿಯಾಗಿ ಹಿಡಿದು ಬಿಡುತ್ತಿದ್ದ. ಇದು ಕೊಡುವುದಲ್ಲ ಎಂದು ಅರ್ಥ. ಅದರ ಮೇಲೆ ಮತ್ತೆ ಕೇಳುವ ಹಾಗಿರಲಿಲ್ಲ. ಮನೆಯಲ್ಲೂ ಊಟಕ್ಕೆ ಕೂತಾಗ ನಾನೂ ಅವನೂ ಇದೇ ಆಟ ಆಡುತ್ತಿದ್ದೆವು. ನನ್ನ ಕೈ ಮೇಲೆ ವಲ್ಲಿ ಹಾಕಿ ಅವನು ಅಂಗೈ ಕೆರೆಯುತ್ತಿದ್ದ, ಎಷ್ಟು ರೊಟ್ಟಿ? ನಾನು ಬೆರಳು ಹಿಡಿಯುತ್ತಿದ್ದೆ. ನಾನು ಕೆರೆದರೆ ಅವನು ಹೇಳುತ್ತಿದ್ದ. ಒಂದರಿಂದ ಹತ್ತರವರೆಗೆ ನಾನು ಕಲಿತದ್ದು ಹೀಗೆ. ಅನ್ನಕ್ಕೆ ಮುಂಚೆ ಚೌಕಾಶಿ ಮಾಡುವ ಮೊಮ್ಮಗಳನ್ನು ಕಂಡು ಆಯಿ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಆ ಬೇಸಿಗೆಯಲ್ಲಿ ನನ್ನ ಶಾಲೆಯ ವಿಚಾರ ಶುರುವಾಯಿತು. ಯಾವುದೋ ಶಿಬಿರದಲ್ಲಿ ನನಗೆ ಕಿವಿಯ ಮಷೀನು ಕೊಟ್ಟಿದ್ದರು. ಎದೆಯ ಮೇಲೆ ತೂಗುವ ಬೆಂಕಿಪೊಟ್ಟಣದಂಥ ಡಬ್ಬಿ, ಅದರಿಂದ ಕಿವಿಗೊಂದು ವಾಯರು. ಆಯಿ ಮೊದಲ ದಿನವೇ ಆ ಡಬ್ಬಿಗೆ ವಿಭೂತಿ ಹಚ್ಚಿದಳು. ಕಾಕಾ ಅದಕ್ಕೆ ಬಾಯಿಟ್ಟು, ಜಾತ್ರೆಯಲ್ಲಿ ಮೈಕು ಪರೀಕ್ಷೆ ಮಾಡುವವರ ಹಾಗೆ ಹಲೋ ಹಲೋ ಅಂದ. ಗಿರಣಿ ದೊಡ್ಡದಾಗಿ ಓಡಿತು, ಅಷ್ಟೇ. ಅಪ್ಪನ ಲೆಕ್ಕದಲ್ಲಿ ಊರ ಕನ್ನಡ ಶಾಲೆ ಸಾಕಾಗಿತ್ತು, ಅಲ್ಲಿಯ ಮಾಸ್ತರರು ಅವನ ಗೆಳೆಯರು, ಮುಂದೆ ಕೂರಿಸುತ್ತಾರೆ, ವರ್ಷ ವರ್ಷ ಪಾಸು ಮಾಡುತ್ತಾರೆ. ಕಾಕಾನಿಗೆ ಬೈಲಹೊಂಗಲದ ಇಂಗ್ಲಿಷ್ ಶಾಲೆಯೇ ಆಗಬೇಕು, ಅಲ್ಲಿ ಮಕ್ಕಳು ಟೈ ಕಟ್ಟುತ್ತಾರೆ. ಕನ್ನಡವೇ ಕೇಳದವಳಿಗೆ ಇಂಗ್ಲಿಷಾದರೆ ಏನು ಮರಾಠಿಯಾದರೆ ಏನು ಎಂಬುದು ಅವನ ವಾದ. ಅವ್ವ ಅಂಗನವಾಡಿಯ ಅಕ್ಕೋರಿಂದ ಇನ್ನೊಂದು ಸುದ್ದಿ ತಂದಿದ್ದಳು. ಬೆಳಗಾವಿಯ ದಾರಿಯಲ್ಲಿ ಕಿವುಡ ಮಕ್ಕಳದೇ ಒಂದು ಶಾಲೆ ಇದೆ, ಅಲ್ಲೇ ಇರುವುದು, ಅಲ್ಲೇ ಉಣ್ಣುವುದು, ಮಕ್ಕಳು ಕೈಯಿಂದ ಮಾತಾಡುತ್ತಾರೆ. ಆಯಿಗೆ ಶಾಲೆಯ ಭೇದವೇ ಇರಲಿಲ್ಲ, ಅಲ್ಲಿ ರೊಟ್ಟಿ ಜೋಳದ್ದೋ ಗೋಧಿಯದೋ ಅಷ್ಟು ತಿಳಿದರೆ ಸಾಕಿತ್ತು. ಮುತ್ಯಾ ಮಾತ್ರ ಕೈಯ ಸುದ್ದಿ ಕೇಳುತ್ತಲೇ ಕೆಂಡವಾದ.

“ಕೈ ಮಾಡಿ ಮಾತಾಡೋ ಸಾಲಿ ನಮಗ ಬ್ಯಾಡ. ನಾಳೆ ಊರಾಗಿನ ಮಂದಿ ಮೂಕಿ ಅಂತ ಕರೀತಾರ. ನಾ ಇರೂತನ ಅದು ಆಗೂದಿಲ್ಲ.”

ಇಷ್ಟು ಹೇಳುವಾಗ ಅವನ ಎರಡೂ ಕೈ ಗಾಳಿಯಲ್ಲಿ ಹಾರಾಡುತ್ತಿದ್ದವು ಎಂದು ಅವ್ವ ಮುಂದೆ ನಗುತ್ತಿದ್ದಳು. ಆಗ ನಗಲಿಲ್ಲ. ಸೊಸೆಯಾದವಳು ಪಡಸಾಲೆಯ ಕೆಳಗೆ ನಿಂತೇ ಮಾತಾಡಬೇಕು, ನಿಂತಳು, ಮಾತಾಡಲಿಲ್ಲ. ಮನೆಯ ಉಳಿದ ನಾಲ್ಕು ಬಾಯಿ ನನ್ನ ವಿಚಾರಕ್ಕೆ ದಿನವೂ ಜಗಳವಾಡಿದವು. ಮಾತಿನ ನಡುವೆ ಒಬ್ಬೊಬ್ಬರೂ ನನ್ನ ಕಡೆ ಬೆರಳು ತೋರಿಸುತ್ತಿದ್ದರು, ಕಣ್ಣು ಒರೆಸಿಕೊಳ್ಳುತ್ತಿದ್ದರು. ನನಗೆ ಮಾತ್ರ ಯಾರೂ ಏನೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಹಬ್ಬವಲ್ಲ ಹುಣ್ಣಿಮೆಯಲ್ಲ, ಆಯಿ ಹೋಳಿಗೆ ಮಾಡಿದಳು. ತಲೆಗೆ ಎಣ್ಣೆ ಹಚ್ಚಿ ಮೈ ತಿಕ್ಕಿ ಎರೆದರು. ಹೊಸ ಲಂಗ ತೊಡಿಸಿದರು, ಜಡೆಗೆ ಕೆಂಪು ರಿಬ್ಬನ್ನು ಕಟ್ಟಿದರು, ಕೊರಳಿಗೆ ಆ ಡಬ್ಬಿ ಹಾಕಿದರು. ಎತ್ತನ್ನು ಸಂತೆಗೆ ಹೊಡೆಯುವ ದಿನ ಹೀಗೆಯೇ ಮಾಡುತ್ತಾರೆ. ಮೈ ತೊಳೆಯುತ್ತಾರೆ, ಕೋಡಿಗೆ ಎಣ್ಣೆ ಹಚ್ಚುತ್ತಾರೆ, ಹೊಸ ಹಗ್ಗ ಹಾಕುತ್ತಾರೆ, ಅವತ್ತೊಂದು ದಿನ ಹಿಂಡಿ ಜಾಸ್ತಿ ಇಡುತ್ತಾರೆ. ನನಗೆ ಸ್ವಲ್ಪ ಅನುಮಾನ ಬಂತು. ಆದರೂ ಮೂರು ಹೋಳಿಗೆ ತಿಂದೆ.

ಊರ ಶಾಲೆಯಲ್ಲಿ ಅನುಮಾನ ಖಾತ್ರಿಯಾಯಿತು. ಮಾಸ್ತರರು ನನ್ನನ್ನು ಎದುರು ನಿಲ್ಲಿಸಿಕೊಂಡು ಬಾಯಿ ತೆರೆಸಿ ಹಲ್ಲು ನೋಡಿದರು. ಆರು ತುಂಬಿದೆಯೋ ಇಲ್ಲವೋ ನೋಡಲಿಕ್ಕೆ ಬಲಗೈಯನ್ನು ತಲೆಯ ಮೇಲಿಂದ ದಾಟಿಸಿ ಎಡಗಿವಿ ಮುಟ್ಟಿಸಿದರು. ಆ ಕಾಲದಲ್ಲಿ ವಯಸ್ಸಿನ ದಾಖಲೆ ಎಂದರೆ ಅದೇ. ತಲೆ ಸವರಿದರು. ಕರಿಹಲಗೆಯವರೆಗೆ ಹೋಗಿ ಬಾ ಎಂದು ಸನ್ನೆ ಮಾಡಿದರು, ಹೋಗಿ ಬಂದೆ. ಹಲ್ಲಾಯಿತು, ಕಿವಿಯಾಯಿತು, ಸುಳಿಯಾಯಿತು, ಕಾಲಾಯಿತು. ಮುತ್ಯಾನೂ ಅಪ್ಪನೂ ಮಾಸ್ತರರೂ ತಲೆಯಾಡಿಸಿದರು. ಆಮೇಲೆ ಚಹಾ ಬಂತು.

ನನ್ನನ್ನು ಮಾರುತ್ತಿದ್ದಾರೆ. ಇದರಲ್ಲಿ ನನಗೆ ಎಳ್ಳಷ್ಟೂ ಸಂಶಯ ಉಳಿಯಲಿಲ್ಲ. ಮುಂದಿನ ಎರಡು ಹಲ್ಲು ಬಿದ್ದಿದ್ದವು, ಬೆಲೆ ಬರಲಿಕ್ಕಿಲ್ಲ ಎಂಬ ಒಂದು ಸಮಾಧಾನವಿತ್ತು. ಯಾಕೆ ಮಾರುತ್ತಾರೆ ಎಂಬುದೂ ಗೊತ್ತಿತ್ತು. ಸರಿಯಾಗಿ ಉಳುಮೆ ಮಾಡದ ಎತ್ತನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ನನ್ನಲ್ಲೇನೋ ಊನವಿತ್ತು, ಎಲ್ಲರೂ ಬಾಯಿ ಆಡಿಸಿ ಮಾಡುವ ಕೆಲಸ ನನಗೆ ಬರುತ್ತಿರಲಿಲ್ಲ. ಇವತ್ತು ಇದನ್ನು ಬರೆಯುವಾಗ ನಗು ಬರುತ್ತದೆ. ಆಗ ದಿನವೂ ಬಿಳಿಯನ ಪಕ್ಕ ಹೋಗಿ ಕೂತು ಅಳುತ್ತಿದ್ದೆ.

ಮಾಸ್ತರರು ತೆಗೆದುಕೊಳ್ಳಲು ತಯಾರಿದ್ದರೂ ಕಾಕಾ ಟೈ ಬಿಡಲಿಲ್ಲ. ಎರಡನೆಯ ಸಲ, ಬೈಲಹೊಂಗಲದ ಶಾಲೆಗೆ ಹೊರಟಾಗ, ನಾನು ಸಿದ್ಧಳಾಗಿಯೇ ಹೋದೆ. ಮಾರಾಟವಾಗದ ಎತ್ತು ಹೇಗಿರುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಶಾಲೆಯ ಗೇಟಿನಿಂದಲೇ ಎಡಗಾಲು ಕುಂಟಿದೆ. ಹೆಡ್‌ಮೇಡಮ್ಮರು ಹತ್ತಿರ ಕರೆದರೆ ಹಿಂದೆ ಸರಿದೆ. ಬಾಯಿ ಬಿಗಿದುಕೊಂಡೆ. ಒಬ್ಬರು ಹಿಂದೆ ನಿಂತು ಚಪ್ಪಾಳೆ ತಟ್ಟಿದರು, ಒಬ್ಬರು ಮುಂದೆ ಚಿತ್ರ ಹಿಡಿದರು. ನಾನು ನುಣುಪಾದ ಆ ನೆಲದ ಮೇಲೆ ಹಟಮಾರಿ ಹೋರಿ ನೊಗ ಕಂಡು ಮಲಗುವಂತೆ ಮಲಗಿಬಿಟ್ಟೆ. ಕಾಕಾ ಎತ್ತಿ ನಿಲ್ಲಿಸಿದ, ಮತ್ತೆ ಮಲಗಿದೆ. ಕಿವಿಯ ವಿಷಯ ಹೇಳಿದ್ದಿರಿ, ಕಾಲಿನದೂ ಬುದ್ಧಿಯದೂ ಹೇಳಲಿಲ್ಲವಲ್ಲ ಎಂದು ಮೇಡಮ್ಮರು ಮೆತ್ತಗೆ ಅಂದರಂತೆ. ಹೊರಗೆ ಬಂದ ಮೇಲೆ ನಾನು ಎರಡೂ ಕಾಲಿನಿಂದ ಬಸ್‌ಸ್ಟ್ಯಾಂಡಿನವರೆಗೆ ಓಡಿದೆ. ಕಾಕಾ ಹೆಗಲಿನ ಮೇಲೆ ಮುಖವೇ ಇಲ್ಲದವನಂತೆ ಹಿಂದೆ ಬಂದ.

ಅವತ್ತು ಊಟಕ್ಕೆ ಕೂತಾಗ ಮುತ್ಯಾ, ಇನ್ನು ಬೇರೆ ಮಾತಿಲ್ಲ, ಊರ ಶಾಲೆಗೇ ಹೋಗಲಿ, ಕೂತು ಎದ್ದು ಬರಲಿ ಅಂದ. ರೊಟ್ಟಿ ನೀಡಲು ಬಂದ ಅವ್ವ ಬುಟ್ಟಿ ಕೆಳಗಿಟ್ಟಳು.

“ಮಾವಾರ, ಕುಂದ್ರೂದು ಆಕಿ ಮನ್ಯಾಗೂ ಕುಂದರತಾಳ್ರಿ. ಸಾಲಿಗೆ ಕಲ್ಯಾಕ ಹೋಗಬೇಕಲ್ರಿ. ನಾ ಹೇಳಿದ ಸಾಲಿ ಒಮ್ಮೆ ನೋಡಿ ಬರೂಣು. ನಿಮಗ ಬ್ಯಾಡಾತು ಅಂದ್ರ ಮುಂದ ನಾ ಬಾಯಿ ತಗಿಯೂದಿಲ್ರಿ.”

ಆ ಮನೆಯಲ್ಲಿ ಅವ್ವ ಅಷ್ಟುದ್ದ ಮಾತಾಡಿದ್ದು ಅದೇ ಮೊದಲಂತೆ. ಎಲ್ಲರೂ ಒಮ್ಮೆಗೇ ಸುಮ್ಮನಾದರು. ಗಿರಣಿ ನಿಂತದ್ದು ನನಗೂ ತಿಳಿಯಿತು.

ಮೂರನೆಯ ಸಲವೂ ಹೋಳಿಗೆಯಾಯಿತು. ಈ ಸಲ ಒಂದನ್ನೂ ತಿನ್ನಲಿಲ್ಲ. ಹೊರಡುವಾಗ ಬಿಳಿಯನ ಕೊರಳಡಿ ಜೋಲುವ ಗಂಗೆದೊಗಲು ಹಿಡಿದು ನಿಂತವಳನ್ನು ಅಪ್ಪ ಬಿಡಿಸಿಕೊಂಡು ಬಸ್ಸಿಗೆ ಹತ್ತಿಸಿದ. ಮುತ್ಯಾ, ಅವ್ವ, ನಾನು ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನದ ಹೊತ್ತಿಗೆ ಆ ಶಾಲೆ ಮುಟ್ಟಿದೆವು. ಗೇಟು ದಾಟಿದವಳು ಅಲ್ಲೇ ನಿಂತುಬಿಟ್ಟೆ. ಬಯಲಿನ ತುಂಬ ಮಕ್ಕಳು, ಇಬ್ಬಿಬ್ಬರು ಎದುರುಬದುರು ನಿಂತು ಬೆರಳು ಆಡಿಸುತ್ತಿದ್ದಾರೆ. ಇಷ್ಟು ದೊಡ್ಡ ಸಂತೆಯನ್ನು ನಾನು ನೋಡಿರಲಿಲ್ಲ. ಇಷ್ಟು ಸಣ್ಣ ದಲಾಲರನ್ನೂ ನೋಡಿರಲಿಲ್ಲ. ಅದಕ್ಕಿಂತ ಹೆಚ್ಚಿನ ಆಶ್ಚರ್ಯ ಎಂದರೆ ಯಾರ ಕೈಯ ಮೇಲೂ ವಲ್ಲಿ ಇರಲಿಲ್ಲ. ಎಲ್ಲರೆದುರು, ಹಾಡುಹಗಲು, ರೇಟು ಬಯಲಿಗೆ ಬಿಟ್ಟು ವ್ಯಾಪಾರ ಮಾಡುತ್ತಿದ್ದರು. ಮುತ್ಯಾನ ಮುಖ ನೋಡಿದೆ. ಅವನೂ ಬಾಯಿ ತೆರೆದು ನಿಂತಿದ್ದ.

ಒಳಗಿನಿಂದ ಹೆಡ್‌ಮಾಸ್ತರರು ಬಂದರು. ಬಿಳಿ ಅಂಗಿಯ ಸಣಕಲು ಮನುಷ್ಯ. ಬಂದವರೇ ಮಂಡಿಯೂರಿ ಕೂತು ನಗುತ್ತ ನನ್ನ ಕೈ ಹಿಡಿದುಕೊಂಡರು. ಕೈ ಹಿಡಿದರೆಂದರೆ ವ್ಯಾಪಾರ ಶುರುವಾದ ಹಾಗೆಯೇ. ಕುಂಟಬೇಕೆಂದಿದ್ದೆ, ಮಲಗಬೇಕೆಂದಿದ್ದೆ, ಒಂದೂ ನೆನಪಾಗಲಿಲ್ಲ. ಕೈ ಕಿತ್ತುಕೊಂಡು ಮುತ್ಯಾನ ಹೆಗಲಿನಿಂದ ವಲ್ಲಿ ಎಳೆದೆ, ಅವನ ಕೈ ಮೇಲೆ ಹೊದಿಸಿದೆ, ಒಳಗೆ ಕೈ ತೂರಿಸಿ ಅಂಗೈ ಕೆರೆದೆ. ನನಗೆಷ್ಟು?

ಮಧ್ಯಾಹ್ನದ ಹೊತ್ತು, ಮುತ್ಯಾನಿಗೆ ಹಸಿವಾಗಿತ್ತು. ಬುತ್ತಿ ಬಿಚ್ಚುವ ವಿಚಾರ ಅಂದುಕೊಂಡ. ಎರಡು ಬೆರಳು ಕೊಟ್ಟ.

ಎರಡು! ಕೋಡು ಮುರಿದ ಮುದಿ ಎತ್ತಿಗೂ ಅಷ್ಟು ಕಡಿಮೆ ಹೇಳಿದ್ದನ್ನು ನಾನು ಕಂಡಿರಲಿಲ್ಲ. ನನಗೆ ಹೆದರಿಕೆ ಹೋಗಿ ಅವಮಾನವಾಯಿತು. ಮಾರುವುದಾದರೆ ಮಾರಲಿ, ಇಷ್ಟು ಸೋವಿಯಾಗಿ ಮಾರಬಾರದು. ಅವನ ಐದೂ ಬೆರಳು ಹಿಡಿದು ಜಗ್ಗಿದೆ. ಐದು ರೊಟ್ಟಿ ಎಲ್ಲಿ ಇಟ್ಟುಕೊಳ್ಳುತ್ತೀಯೇ ಹುಚ್ಚಿ ಎಂದು ಅವನು ನಕ್ಕ. ನಾನು ಬಾಯಿ ತೆರೆದು, ಬಿದ್ದ ಜಾಗದಲ್ಲಿ ಚಿಗುರುತ್ತಿದ್ದ ಹೊಸ ಹಲ್ಲನ್ನು ತೋರಿಸಿದೆ. ತಲೆಯ ಮೇಲಿಂದ ಕೈ ದಾಟಿಸಿ ಕಿವಿ ಹಿಡಿದೆ. ಗೇಟಿನವರೆಗೆ ನೆಟ್ಟಗೆ ಹೆಜ್ಜೆ ಹಾಕಿ ಹೋಗಿ, ನೆಟ್ಟಗೆ ತಿರುಗಿ ಬಂದು ನಿಂತೆ. ಕಣ್ಣಿನಿಂದ ನೀರು ಸುರಿಯುತ್ತಿತ್ತು. ಮತ್ತೆ ಅಂಗೈ ಕೆರೆದೆ.

ಅವ್ವ ಸೆರಗು ಬಾಯಿಗೊತ್ತಿಕೊಂಡಳು.

“ಮಾವಾರ, ಆಕಿ ರೊಟ್ಟಿ ಕೇಳಾಕತ್ತಿಲ್ರಿ. ಆಕಿನ್ನ ಮಾರಾಕ ತಂದೀವಿ ಅಂತ ತಿಳದಾಳ. ತನ್ನ ರೇಟ ಕೇಳಾಕತ್ತಾಳ್ರಿ.”

ಮುತ್ಯಾ ಇದ್ದಲ್ಲೇ ನೆಲಕ್ಕೆ ಕೂತ. ನನ್ನ ಮುಖ ನೋಡಿದ, ರಿಬ್ಬನ್ನು ನೋಡಿದ, ಕೊರಳ ಡಬ್ಬಿ ನೋಡಿದ. ಹೋಳಿಗೆಯಿಂದ ಹಿಡಿದು ಎಲ್ಲವೂ ಆ ಕ್ಷಣಕ್ಕೆ ಅವನಿಗೆ ತಿಳಿದಿರಬೇಕು, ಎಷ್ಟೆಂದರೂ ದಲಾಲ. ವಲ್ಲಿಯ ಕೆಳಗೆ ನನ್ನ ಬೆರಳುಗಳನ್ನೆಲ್ಲ ಒಟ್ಟು ಮಾಡಿ ಮುಷ್ಟಿಯೊಳಗೆ ಹಿಡಿದ. ಬಿಳಿಯನಿಗೆ ಹಿಡಿಯುತ್ತಿದ್ದದ್ದಕ್ಕಿಂತ ಗಟ್ಟಿಯಾಗಿ, ಕೈ ನೋಯುವಷ್ಟು ಹಿಡಿದ. ಬಹಳ ಹೊತ್ತು ಬಿಡಲಿಲ್ಲ. ಗಡ್ಡದ ಮೇಲೆ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲು ವಲ್ಲಿ ಖಾಲಿ ಇರಲಿಲ್ಲ.

ಅವ್ವ ಹೇಳಬೇಕಾದ್ದನ್ನು ಆಗ ಹೇಳಿದಳು.

“ನಲವತ್ತ ವರ್ಷ ನೀವು ಕೈಲೆ ಮಾತಾಡೀರಿ. ನಿಮಗ ಯಾರರ ಮೂಕ ಅಂದಾರೇನ್ರಿ?”

ಹೆಡ್‌ಮಾಸ್ತರರು ಬಯಲಿನಿಂದ ಒಬ್ಬ ದೊಡ್ಡ ಹುಡುಗಿಯನ್ನು ಕರೆದರು. ಎರಡು ಜಡೆಯವಳು. ಅವಳು ನನ್ನೆದುರು ಕುಕ್ಕರಗಾಲಿನಲ್ಲಿ ಕೂತು ಮೂಗು ಒರೆಸಿ, ಕೈಯಿಂದ ಹೇಳತೊಡಗಿದಳು. ಇಲ್ಲಿ ಮಲಗುವುದು. ಇಲ್ಲಿ ಉಣ್ಣುವುದು. ಇಲ್ಲಿ ಬರೆಯುವುದು. ಆಮೇಲೆ ಅವ್ವನನ್ನು ತೋರಿಸಿದಳು, ಬಸ್ಸಿನ ಸ್ಟಿಯರಿಂಗು ತಿರುಗಿಸಿದಳು, ಅವ್ವ ಬರುತ್ತಾಳೆ, ನೀನು ಬಸ್ಸು ಹತ್ತುತ್ತೀ, ಮನೆ. ಮನೆ ಎಂದು ಎರಡೂ ಕೈ ಜೋಡಿಸಿ ಮಾಡಿನ ಹಾಗೆ ಹಿಡಿದಳು. ಆಮೇಲೆ ಮತ್ತೆ ಇಲ್ಲಿ. ನನಗೆ ಆ ಸನ್ನೆಗಳನ್ನು ಯಾರೂ ಕಲಿಸಿರಲಿಲ್ಲ, ಆದರೂ ಒಂದೂ ಬಿಡದೆ ತಿಳಿಯಿತು. ನಾಳೆ ಏನಾಗುತ್ತದೆ ಎಂದು ಹುಟ್ಟಿದ ಮೇಲೆ ನನಗೆ ಮೊದಲು ಹೇಳಿದವಳು ಅವಳು. ಅವಳ ಮುಖ ಈಗಲೂ ನೆನಪಿದೆ. ಮುತ್ಯಾ ನೆಲದ ಮೇಲೆ ಕೂತೇ ಅವಳ ಕೈಗಳನ್ನು, ಒಳ್ಳೆಯ ವ್ಯಾಪಾರಿ ಕಂಡಾಗ ನೋಡುತ್ತಿದ್ದ ಹಾಗೆ, ನೋಡುತ್ತಿದ್ದ.

ಶಾಲೆ ನಿಶ್ಚಯವಾಯಿತು, ಚೌಕಾಶಿ ಮಾತ್ರ ಉಳಿದಿತ್ತು. ಹೊಸ ಮಗುವನ್ನು ಬಿಟ್ಟು ಹೋದವರು ನಾಲ್ಕು ವಾರ ಬರಬಾರದು, ಬಂದರೆ ಮಗು ಒಗ್ಗುವುದಿಲ್ಲ ಎಂದು ಅಲ್ಲಿಯ ನಿಯಮ. ಮುತ್ಯಾ ಸುಮ್ಮನೆ ಹೆಡ್‌ಮಾಸ್ತರರ ಕೈ ಹಿಡಿದು ವಲ್ಲಿ ಹೊದಿಸಿದ. ಪಾಪ, ಅವರೂ ರಾಮದುರ್ಗದ ಕಡೆಯ ಒಕ್ಕಲುತನದ ಮನೆಯವರಂತೆ, ಕೈ ಎಳೆದುಕೊಳ್ಳಲಿಲ್ಲ. ಇಬ್ಬರೂ ಆಕಾಶ ನೋಡುತ್ತ ನಿಂತರು. ಅವರು ನಾಲ್ಕು ಬೆರಳು ಹಿಡಿದರೆ ಇವನು ಒಂದು, ಅವರು ಮೂರು ಅಂದರೆ ಇವನು ಮತ್ತೆ ಒಂದು. ಎರಡು ವಾರಕ್ಕೆ ಕುದುರಿತು. ಚಹಾ ಬಂತು, ನನಗೂ ಕೊಟ್ಟರು.

ಜೂನ್ ತಿಂಗಳಲ್ಲಿ ಟ್ರಂಕಿನ ಸಮೇತ ಹೊರಟಾಗ ಮನೆಯಲ್ಲಿ ಎಲ್ಲರೂ ನನಗೆ ಹೇಳಿದ್ದೇ ಹೇಳಿದ್ದು. ಹೇಳದೇ ಇದ್ದುದರ ತಪ್ಪನ್ನು ಒಂದೇ ದಿನದಲ್ಲಿ ತೀರಿಸುವವರ ಹಾಗೆ. ಕಾಕಾ ಪಡಸಾಲೆಯ ತುಂಬ ಬಸ್ಸು ಓಡಿಸಿ ತೋರಿಸಿದ. ಅಪ್ಪ ಪಾಟಿಯ ಮೇಲೆ ಬರೆಯುವುದನ್ನು ತೋರಿಸಿದ. ಆಯಿ ಅಲ್ಲಿಯ ರೊಟ್ಟಿ ಗೋಧಿಯದು ಎಂದು ಮುಖ ಸಿಂಡರಿಸಿ ತೋರಿಸಿ, ಜೋಳದ ಖಡಕ್ ರೊಟ್ಟಿಯ ಗಂಟು ಕಟ್ಟಿಕೊಟ್ಟು, ಅಳುವುದನ್ನು ಮಾತ್ರ ತೋರಿಸದೆ ನಿಜವಾಗಿಯೇ ಅತ್ತಳು. ನಾನು ಬಿಳಿಯನ ಹತ್ತಿರ ಹೋಗಿ, ನನಗೆ ತಿಳಿದಷ್ಟನ್ನು ಅವನಿಗೂ ಕೈಯಿಂದ ಹೇಳಿದೆ. ಬಸ್ಸು, ಮನೆ, ಮತ್ತೆ ಬಸ್ಸು. ಅವನು ಕೈ ನೆಕ್ಕಿದ.

ಬಿಟ್ಟು ಹೋಗಲು ಅವ್ವ, ಮುತ್ಯಾ ಬಂದಿದ್ದರು. ಶಾಲೆಯ ಗೇಟಿನೆದುರಿಗೇ ಬಸ್ಸು ನಿಲ್ಲುತ್ತಿತ್ತು. ಎರಡು ಜಡೆಯ ಹುಡುಗಿ ನನ್ನ ಕೈ ಹಿಡಿದು ಗೇಟಿನೊಳಗೆ ನಿಂತಿದ್ದಳು. ಅವ್ವ ಬಸ್ಸು ಹತ್ತಿದಳು. ಬಸ್ಸು ತುಂಬಿತ್ತು, ಮುತ್ಯಾ ಬಾಗಿಲ ಮೆಟ್ಟಿಲ ಮೇಲೆಯೇ ಉಳಿದ. ನನ್ನ ಕೈ ಹಿಡಿಯಲು ಅವನಿಗೆ ದೂರವಾಯಿತು. ಎತ್ತು ತಿರುಗಿ ನೋಡುವ ಹಾಗೆ ನಾನು ನೋಡುತ್ತ ನಿಂತಿರಬೇಕು. ಕಂಡಕ್ಟರು ಒಳಗೆ ಸರಿಯಲು ಅವನ ಭುಜ ತಟ್ಟುತ್ತಿದ್ದ, ಸೀಟಿನ ಜನ ಇಣುಕುತ್ತಿದ್ದರು. ಮುತ್ಯಾ ಒಳಗೆ ಸರಿಯಲಿಲ್ಲ. ನಲವತ್ತು ವರ್ಷ ಒಬ್ಬ ನರಪಿಳ್ಳೆಗೂ ಬೆರಳು ತೋರಿಸದ ಮನುಷ್ಯ, ಒಂದು ಕೈಯಲ್ಲಿ ಸರಳು ಹಿಡಿದು ಇನ್ನೊಂದು ಕೈ ಹೊರಗೆ ಚಾಚಿ, ಇಡೀ ಬಸ್ಸು ನೋಡುವಂತೆ, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನನಗೆ ಮುಷ್ಟಿ ಹಿಡಿದು ತೋರಿಸಿದ. ವಲ್ಲಿ ಅವನ ಹೆಗಲ ಮೇಲೇ ಇತ್ತು.